ಆಚೆ ದಂಡೆಯಿಂದ ಕರೆದ ದೀಪ

ಓದುಗರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಇಂಥದ್ದನ್ನೆಲ್ಲ ನಂಬುವ ಮನುಷ್ಯನಲ್ಲ. ದೆವ್ವ, ಭಾನಾಮತಿ, ಮೈಮೇಲೆ ಬರುವುದು, ಕನಸಿನಲ್ಲಿ ಕಂಡದ್ದು ಮರುದಿನ ನಡೆಯುವುದು, ಇವುಗಳ ಸುದ್ದಿಯನ್ನು ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದೆ. ಎದ್ದು ಹೋಗದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ನನ್ನ ಹೆಂಡತಿಯ ಕಡೆಯ ನೆಂಟರು ನಾನು ಪಡಸಾಲೆಗೆ ಬಂದೊಡನೆ ಅಂಥ ಮಾತು ನಿಲ್ಲಿಸಿ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಅದನ್ನು ನನ್ನ ವಿದ್ಯೆಗೆ ಕೊಟ್ಟ ಗೌರವ ಎಂದು ನಾನು ಬಹಳ ವರ್ಷ ತಿಳಿದಿದ್ದೆ. ಬೇಸರ ತಪ್ಪಿಸಿಕೊಳ್ಳಲು ಹಾಗೆ ಮಾಡುತ್ತಿದ್ದರೆಂದು ಆಮೇಲೆ ಗೊತ್ತಾಯಿತು.

ಆಗ ನಾನು ಮುದ್ದೇಬಿಹಾಳದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ರಷ್ಯಾದವರು ಮೊದಲ ಉಪಗ್ರಹ ಹಾರಿಸಿ ಒಂದೆರಡು ವರ್ಷವಾಗಿತ್ತು. ಮನುಷ್ಯ ಇನ್ನೂ ಚಂದ್ರನ ಮೇಲೆ ಕಾಲಿಟ್ಟಿರಲಿಲ್ಲ. ಚಹದ ಅಂಗಡಿಯಲ್ಲೂ ಕಟಿಂಗಿನ ಅಂಗಡಿಯಲ್ಲೂ ಆಕಾಶದ್ದೇ ಮಾತು. ಆ ಹುರುಪಿನಲ್ಲಿ ನಾನೊಂದು ಭಾಷಣ ಸಿದ್ಧ ಮಾಡಿಕೊಂಡಿದ್ದೆ. ಅದರ ಹೆಸರು ‘ಅನ್ಯಗ್ರಹಗಳಲ್ಲಿ ಜೀವಿಗಳಿರುವ ಸಾಧ್ಯತೆ’. ಒಂದು ಭೂಗೋಳ, ಒಂದು ಬ್ಯಾಟರಿ, ಬಣ್ಣ ಹಚ್ಚಿದ ನಾಲ್ಕು ರಬ್ಬರಿನ ಚೆಂಡು, ಇಷ್ಟನ್ನು ಕೈಚೀಲದಲ್ಲಿ ಹಾಕಿಕೊಂಡು ಕರೆದ ಊರಿಗೆಲ್ಲ ಹೋಗುತ್ತಿದ್ದೆ. ಇಂಡಿಯಲ್ಲಿ ಮಾತಾಡಿದೆ, ಸಿಂದಗಿಯಲ್ಲಿ ಎರಡು ಸಲ ಮಾತಾಡಿದೆ, ಬಸವನ ಬಾಗೇವಾಡಿಯಲ್ಲಿ ಜನ ಹೊರಗೆ ಕಟ್ಟೆಯ ಮೇಲೆ ನಿಂತು ಕೇಳಿದರು.

ಭಾಷಣದ ಹೆಸರಿನಲ್ಲಿ ಸಾಧ್ಯತೆ ಎಂದಿದ್ದರೂ ಒಳಗೆ ನಾನು ಸಾಧ್ಯತೆಗೆ ಜಾಗವನ್ನೇ ಇಟ್ಟಿರಲಿಲ್ಲ. ಮಂಗಳ ಒಣಗಿದ್ದು, ಶುಕ್ರ ಕುದಿಯುವಂಥದ್ದು, ಗುರುವಿನ ಮೇಲೆ ಕಾಲಿಡಲು ನೆಲವಿಲ್ಲ, ಉಳಿದ ನಕ್ಷತ್ರಗಳು ಎಷ್ಟು ದೂರವೆಂದರೆ ಅಲ್ಲಿ ಯಾರಿದ್ದರೂ ಇಲ್ಲದಿದ್ದರೂ ನಮಗೆ ಒಂದೇ. ಹೀಗೆ ಒಂದೊಂದೇ ಬಾಗಿಲು ಹಾಕುತ್ತ ಬಂದು ಕೊನೆಗೆ, ನಾವು ಒಬ್ಬರೇ, ಎಂದು ಮುಗಿಸುತ್ತಿದ್ದೆ. ಬಾಗೇವಾಡಿಯಲ್ಲಿ ಒಬ್ಬರು ಕಿರಾಣಿ ಅಂಗಡಿಯವರು ಎದ್ದು ನಿಂತು, ಹಾಗಾದರೆ ಇಷ್ಟು ದೊಡ್ಡ ಆಕಾಶ ಯಾತಕ್ಕೆ ಬೇಕಾಗಿತ್ತು ಎಂದು ಕೇಳಿದ್ದರು. ನಿಮ್ಮ ಅಂಗಡಿಯಲ್ಲಿ ಖಾಲಿ ಡಬ್ಬಿಗಳಿಲ್ಲವೇ ಎಂದು ನಾನು ಕೇಳಿದೆ. ಸಭೆ ಬಿದ್ದು ಬಿದ್ದು ನಕ್ಕಿತು, ಅವರು ಮುಖ ಕೆಂಪಗೆ ಮಾಡಿಕೊಂಡು ಕೂತರು. ಆ ಉತ್ತರಕ್ಕೆ ನಾನು ಒಂದು ವಾರ ಖುಷಿಪಟ್ಟಿದ್ದೆ.

ನನ್ನ ಜೊತೆ ಅದೇ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು ಮೌಲಾಸಾಬ ಮಾಸ್ತರರು. ಇಂಡಿ ತಾಲೂಕಿನ ತಾಂಬಾದವರು, ತಲೆತಲಾಂತರದಿಂದ ಅಲ್ಲಿ ಹೊಲ ಮಾಡಿಕೊಂಡು ಬಂದ ಮನೆತನ. ನಾನು ಕಿರಿಚಿ ವಾದ ಮಾಡಿದರೆ ಅವರು ಅಡಕೆ ಕತ್ತರಿಸುತ್ತ ಮೆಲ್ಲಗೆ ವಾದ ಮಾಡುವವರು. ನನ್ನ ಭಾಷಣವನ್ನು ಕನಿಷ್ಠ ಐದು ಸಲ ಕೇಳಿದ್ದರು, ಐದು ಸಲವೂ ಒಪ್ಪಿರಲಿಲ್ಲ. ಅವರ ವಾದ ಒಂದೇ.

“ನಾವು ತೋಡಿದ್ದು ಒಂದ ಬಾವಿ, ಅದರಾಗ ನೀರು ಬಿತ್ತು. ಉಳಿದ ಹೊಲದಾಗೆಲ್ಲ ಒಣಾ ಐತಿ ಅಂತ ಹೇಳಾಕ ನಾವು ಎಲ್ಲಿ ತೋಡಿ ನೋಡೇವ್ರಿ?”

ತೋಡಿ ನೋಡಿದ ಮೇಲೆ ನಂಬುತ್ತೇನೆ ಎಂದು ನಾನು, ತೋಡುವ ತನಕ ಇಲ್ಲ ಎನ್ನಬೇಡಿ ಎಂದು ಅವರು. ಸಂಜೆಯ ಚಹ ಯಾವಾಗಲೂ ಇಲ್ಲಿಗೆ ಬಂದು ಮುಗಿಯುತ್ತಿತ್ತು.

ಶ್ರಾವಣ ಹತ್ತಿರ ಬಂದಾಗ ಕೃಷ್ಣೆಯ ಆಚೆ, ಹುನಗುಂದ ಸೀಮೆಯ ಒಂದು ಶಾಲೆಯಿಂದ ಭಾಷಣಕ್ಕೆ ಕರೆ ಬಂತು. ತಂಗಡಗಿಗೆ ಹೋಗಿ, ಅಲ್ಲಿ ಹೊಳೆ ದಾಟಿ, ರಾತ್ರಿ ಆ ಊರಲ್ಲಿದ್ದು ಬೆಳಗ್ಗೆ ಮಾತಾಡುವುದು ಎಂದಾಯಿತು. ಮೌಲಾಸಾಬರೂ ಹೊರಟರು. ನೀವು ಯಾಕೆ ಎಂದು ಕೇಳಿದ್ದಕ್ಕೆ ಆರನೇ ಸಲವೂ ಕೇಳಿ ನೋಡುತ್ತೇನೆ ಎಂದರು. ಸೈಕಲ್ ತುಳಿದುಕೊಂಡು ನಾವು ತಂಗಡಗಿಯ ದಂಡೆಗೆ ಬಂದಾಗ ಹೊತ್ತು ಮುಳುಗುತ್ತಿತ್ತು.

ಹೊಳೆ ಬಂದಿತ್ತು. ಈ ಕಡೆಯವರಿಗೆ ಹೇಳಬೇಕಾಗಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ನಮ್ಮಲ್ಲಿ ಹದ ಮಳೆಯೂ ಆಗಿರುವುದಿಲ್ಲ, ಬಿಸಿಲು ಸುಡುತ್ತಿರುತ್ತದೆ, ಆದರೆ ಮೇಲೆ ಎಲ್ಲೋ ಘಟ್ಟದಲ್ಲಿ ಮಳೆ ಹೊಡೆದರೆ ಸಾಕು, ಎರಡು ದಿನಕ್ಕೆ ಕೃಷ್ಣೆ ಕೆಂಪಗೆ ದಂಡೆ ತುಂಬಿ ಬರುತ್ತಾಳೆ. ಅವತ್ತೂ ಹಾಗೇ ಆಗಿತ್ತು. ಆಕಾಶದಲ್ಲಿ ಒಂದು ಚೂರು ಮೋಡವಿಲ್ಲ, ಕೆಳಗೆ ಅರ್ಧ ಮೈಲಿ ಅಗಲಕ್ಕೆ ನೀರು. ಬೇರುಸಹಿತ ಕಿತ್ತ ಜಾಲಿಗಿಡಗಳು ತೇಲಿ ಹೋಗುತ್ತಿದ್ದವು.

ಹರಗೋಲು ನಡೆಸುವವನು ಯಮನಪ್ಪ, ಐವತ್ತರ ಆಸುಪಾಸಿನ ಅಂಬಿಗ. ನಾಳೆ ಬೆಳಗಿನ ತನಕ ದಾಟಿಸುವುದಿಲ್ಲ, ಬೇಕಾದರೆ ಗುಡಿಸಲಲ್ಲಿ ಮಲಗಿರಿ ಎಂದ. ತನ್ನ ಬುತ್ತಿಯ ರೊಟ್ಟಿಯಲ್ಲಿ ನಮಗೂ ಪಾಲು ಕೊಟ್ಟ. ಆದರೆ ಮನುಷ್ಯ ನಮ್ಮ ಜೊತೆ ಇರಲೇ ಇಲ್ಲ, ಕಣ್ಣೆಲ್ಲ ಆಚೆ ದಂಡೆಯ ಮೇಲೆ. ಮೌಲಾಸಾಬರು ಕೇಳಿದಾಗ ವಿಷಯ ಹೊರಬಂತು. ಅವನಿಗಿದ್ದವಳು ಒಬ್ಬಳೇ ಮಗಳು, ಶಾಂತವ್ವ. ಹೋದ ವರ್ಷ ಆಚೆ ದಂಡೆಯ ಊರಿಗೆ ಕೊಟ್ಟಿದ್ದ. ಈಗ ತುಂಬಿದ ಬಸುರಿ. ನಾಗರಪಂಚಮಿಗೆ ಕರೆತಂದು ಹೆರಿಗೆಯ ತನಕ ಇಟ್ಟುಕೊಳ್ಳುವುದೆಂದು ಮಾಡಿದ್ದ, ಅಷ್ಟರಲ್ಲಿ ಹೊಳೆ ಬಂತು. ನೋವು ಬಂದರೆ ದಂಡೆಗೆ ಕರೆದುಕೊಂಡು ಬಂದು ದೀಪ ಬೀಸು ಎಂದು ಅಳಿಯನಿಗೆ ಹೇಳಿ ಬಂದಿದ್ದ. ಸೂಲಗಿತ್ತಿ ಇದ್ದದ್ದು ಈ ದಂಡೆಯಲ್ಲಿ.

ಆ ದೀಪ ಬೀಸುವ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು. ಕತ್ತಲಾದ ಮೇಲೆ ಆಚೆ ದಂಡೆಯವರಿಗೆ ಹರಗೋಲು ಬೇಕಾದರೆ ಕೂಗಿ ಪ್ರಯೋಜನವಿಲ್ಲ, ಹೊಳೆಯ ಸಪ್ಪಳದಲ್ಲಿ ಕೇಳುವುದಿಲ್ಲ. ಕಂದೀಲು ಬೀಸುತ್ತಾರೆ. ಒಂದು ಸಲ ಬೀಸಿ ನಿಲ್ಲಿಸಿದರೆ ಮಂದಿ ಇದ್ದಾರೆ ಎಂದು, ಎರಡು ಸಲ ಬೀಸಿದರೆ ಹೊರೆಯಿದೆ ಎಂದು, ಮೂರು ಸಲ ಬೀಸಿದರೆ ಜೀವದ ಪ್ರಶ್ನೆ ಎಂದು. ಅಂಬಿಗ ತನ್ನ ಕಂದೀಲನ್ನು ತಲೆಯ ಮೇಲೆ ಒಮ್ಮೆ ಎತ್ತಿ ಇಳಿಸುತ್ತಾನೆ, ಅಂದರೆ ನೋಡಿದೆ ಎಂದರ್ಥ. ಅದಾದ ಮೇಲೆ ಕರೆದವರು ಬೀಸುವುದನ್ನು ಬಿಟ್ಟು ದೀಪವನ್ನು ಒಂದೇ ಕಡೆ ಹಿಡಿದು ನಿಲ್ಲಬೇಕು, ಅಂಬಿಗ ಅದನ್ನೇ ಗುರಿ ಮಾಡಿ ಬರುತ್ತಾನೆ. ಅವನ ಕಂದೀಲು ಈ ದಂಡೆಯ ಗೂಟಕ್ಕೆ ನೇತಾಡುತ್ತಿರುತ್ತದೆ, ಹೊಳೆ ತಿರುಗಿಸಿ ಒಗೆದರೆ ಮನೆಯ ದಿಕ್ಕು ತಿಳಿಯಲಿ ಎಂದು. ಮೂರು ಬೀಸಿದ ದೀಪಕ್ಕೆ ಹೋಗದಿದ್ದ ಅಂಬಿಗ ಆ ದಂಡೆಯಲ್ಲಿ ಮತ್ತೆ ಹುಟ್ಟು ಹಿಡಿಯುವುದಿಲ್ಲ ಎಂದು ಯಮನಪ್ಪ ಹೇಳಿದ. ಅವನ ಅಪ್ಪನ ಕಾಲದಿಂದಲೂ ಹಾಗೆ ನಡೆದಿತ್ತಂತೆ.

ಅಮವಾಸ್ಯೆಗೆ ಎರಡು ದಿನವಿತ್ತು. ಕತ್ತಲೆ ಬೇಗ ಕವಿಯಿತು. ಊಟವಾಗಿ ಒಂದು ತಾಸೂ ಆಗಿರಲಿಲ್ಲ, ನಾನು ಮೌಲಾಸಾಬರಿಗೆ ದಕ್ಷಿಣದ ವೃಶ್ಚಿಕ ರಾಶಿಯನ್ನು ತೋರಿಸಿ, ಆ ಕೆಂಪು ಜ್ಯೇಷ್ಠಾ ನಕ್ಷತ್ರದ ಸುತ್ತ ಒಂದು ಇರುವೆಯೂ ಇರಲಾರದು ಎಂದು ಶುರು ಮಾಡಿದ್ದೆ. ಯಮನಪ್ಪ ತಟ್ಟನೆ ಎದ್ದು ನಿಂತ. ಆಚೆ ದಂಡೆಯಲ್ಲಿ ದೀಪವೊಂದು ಆಡುತ್ತಿತ್ತು. ಎಡಕ್ಕೆ ಬಲಕ್ಕೆ, ನಿಲುಗಡೆ. ಮತ್ತೆ ಎಡಕ್ಕೆ ಬಲಕ್ಕೆ, ನಿಲುಗಡೆ. ಮೂರನೆಯ ಸಲವೂ ಆಡಿತು.

ಅದರ ಬಣ್ಣ ಕಂದೀಲಿನ ಬಣ್ಣಕ್ಕಿಂತ ಸ್ವಲ್ಪ ಬಿಳುಪು. ಇದನ್ನು ನಾನು ಆಗಲೇ ಗಮನಿಸಿದ್ದೆ, ಗಮನಿಸಿಯೂ ಬಿಟ್ಟುಬಿಟ್ಟೆ. ಯಮನಪ್ಪನೂ ಗಮನಿಸಿರಬೇಕು, ಏಕೆಂದರೆ ಅವನು ಓಡಲಿಲ್ಲ. ಗೂಟದ ಕಂದೀಲು ತೆಗೆದು ತಲೆಯ ಮೇಲೆ ಎತ್ತಿ ಇಳಿಸಿದ. ಆ ಕಡೆಯ ದೀಪ ಆಡುವುದನ್ನು ಬಿಟ್ಟು ಸ್ಥಿರವಾಗಿ ನಿಂತಿತು. ಆದರೂ ಅವನಿಗೆ ಸಮಾಧಾನವಿರಲಿಲ್ಲ, ನನ್ನ ಕಡೆ ತಿರುಗಿದ.

“ಮಾಸ್ತರ, ನೀವು ಕಲತವರು. ಅದು ಜರಾ ಮ್ಯಾಲ ಕಾಣಾಕತ್ತೇತಿ. ಕಂದೀಲ ಹೌದೋ ಅಲ್ಲೋ ಹೇಳ್ರಿ.”

ಆ ಹೊಳೆಯನ್ನು ನೋಡಿದವನು, ಆ ಮನುಷ್ಯನನ್ನು ನೋಡಿದವನು ಒಂದು ಕ್ಷಣವಾದರೂ ತಡೆದು ಉತ್ತರ ಕೊಡಬೇಕಾಗಿತ್ತು. ನಾನು ತಡೆಯಲಿಲ್ಲ. ಆಕಾಶದಲ್ಲಿರುವ ಯಾವ ವಸ್ತುವೂ ಮೂರು ಸಲ ಬೀಸಿ, ನಮ್ಮ ಉತ್ತರ ನೋಡಿ ನಿಲ್ಲುವುದಿಲ್ಲ. ಹಾಗೆ ಮಾಡುವುದು ಮನುಷ್ಯನೊಬ್ಬನೇ. ಆದ್ದರಿಂದ ಅದು ಮನುಷ್ಯನ ಕೈಯಲ್ಲಿರುವ ಕಂದೀಲೇ, ಯಾರೋ ಮರ ಹತ್ತಿ ಹಿಡಿದಿರಬೇಕು ಎಂದೆ. ತರ್ಕದಲ್ಲಿ ಎಲ್ಲೂ ಬಿರುಕಿರಲಿಲ್ಲ. ಮೌಲಾಸಾಬರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಯಮನಪ್ಪ ಧೋತರ ಮೇಲೆ ಕಟ್ಟಿ ಹರಗೋಲನ್ನು ಎಳೆಯುತ್ತಿದ್ದ. ಕಂದೀಲನ್ನು ಗೂಟಕ್ಕೆ ಸಿಗಿಸಿ ಹೋಗುವಾಗ ನನಗೆ ಒಂದೇ ಮಾತು ಹೇಳಿದ.

“ನಾ ಬರೂಮಟಾ ದೀಪ ಆರದ್ಹಂಗ ನೋಡ್ಕೋರಿ.”

ಹರಗೋಲನ್ನು ದಂಡೆಯಗುಂಟ ಮೇಲಕ್ಕೆ ಎಳೆದುಕೊಂಡು ಹೋಗಿ, ಅಲ್ಲಿಂದ ನೀರಿಗೆ ಬಿಟ್ಟು, ಹೊಳೆ ಕೆಳಗೆ ಒಯ್ಯುತ್ತಿರುವಂತೆಯೇ ಅಡ್ಡ ಹಾಯುವುದು ಅವರ ರೀತಿ. ಅವನು ನಮ್ಮೆದುರು ಹಾದು ಹೋದದ್ದು ಒಂದು ಕರಿ ಮಚ್ಚೆಯಾಗಿ ಕಂಡಿತು. ಆಮೇಲೆ ಅದೂ ಕಾಣಲಿಲ್ಲ.

ಮಾಡಲು ಕೆಲಸವಿಲ್ಲದೆ ನಾನು ಕೈ ನೀಡಿ ಮುಷ್ಟಿ ಹಿಡಿದೆ. ಚಾಚಿದ ಕೈಯ ಮುಷ್ಟಿ ಆಕಾಶದಲ್ಲಿ ಸುಮಾರು ಹತ್ತು ಅಂಶ ಮುಚ್ಚುತ್ತದೆ ಎಂದು ಮಕ್ಕಳಿಗೆ ಕಲಿಸುವವನು ನಾನೇ. ಕಣ್ಣು ಕತ್ತಲೆಗೆ ಹೊಂದಿಕೊಂಡಿತ್ತು, ಆಚೆ ದಂಡೆಯ ಅಂಚು ನಕ್ಷತ್ರಗಳ ಕೆಳಗೆ ಸರಿಯಾಗಿ ಕಾಣುತ್ತಿತ್ತು. ದೀಪ ಆ ಅಂಚಿನಿಂದ ಅರ್ಧ ಮುಷ್ಟಿ ಮೇಲಿತ್ತು. ಅರ್ಧ ಮೈಲಿ ದೂರಕ್ಕೆ ಅರ್ಧ ಮುಷ್ಟಿಯೆಂದರೆ ಇನ್ನೂರು ಅಡಿಗಿಂತ ಹೆಚ್ಚು. ಆ ದಂಡೆಯಲ್ಲಿ ನಾನು ಎಷ್ಟೋ ಸಲ ಇಳಿದಿದ್ದೇನೆ. ಬರೀ ಎರೆಭೂಮಿ, ಗುಡ್ಡವಿಲ್ಲ, ಆಳೆತ್ತರದ ಜಾಲಿ ಬಿಟ್ಟರೆ ಗಿಡವಿಲ್ಲ. ಲೆಕ್ಕವನ್ನು ಎರಡು ಸಲ ಮಾಡಿದೆ. ಮೌಲಾಸಾಬರಿಗೆ ಹೇಳಿದೆ, ಅವರೂ ಮುಷ್ಟಿ ಹಿಡಿದು ನೋಡಿದರು. ಇದನ್ನು ಅವನು ಹೋಗುವ ಮೊದಲೇ ಅಳೆಯಬೇಕಾಗಿತ್ತು ಮಾಸ್ತರ ಎಂದು ಅವರು ಹೇಳಿದರು.

ಅವನನ್ನು ಹಿಂದಕ್ಕೆ ಕರೆಯಬೇಕೆಂದು ಕಂದೀಲನ್ನು ಗೂಟದಿಂದ ಬಿಚ್ಚಿಕೊಂಡು ನೀರಿನ ಅಂಚಿಗೆ ಓಡಿದೆ. ಹಿಂದಕ್ಕೆ ಕರೆಯುವ ಸನ್ನೆ ಯಾವುದೆಂದು ನನಗೆ ಗೊತ್ತಿರಲಿಲ್ಲ. ಸುಮ್ಮನೆ ತೋಳು ಬೀಸಿ ಒಂದು ದೊಡ್ಡ ಸುತ್ತು ಸುತ್ತಿಸಿದೆ.

ಆಚೆಯ ದೀಪವೂ ಒಂದು ಸುತ್ತು ಸುತ್ತಿತು.

ಇದನ್ನು ನಾನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ, ಹೇಳಿಕೊಳ್ಳುವಾಗ ಒಂದಕ್ಷರ ಹೆಚ್ಚಿಸದ ಹಾಗೆ ಎಚ್ಚರ ವಹಿಸಿದ್ದೇನೆ. ನಾನು ಸುತ್ತಿಸಿದೆ, ಒಂದು ಉಸಿರಿನಷ್ಟು ತಡವಾಗಿ ಅದು ಸುತ್ತಿತು. ಕಣ್ಣಿನ ಭ್ರಮೆ ಎಂದುಕೊಂಡು ಕಂದೀಲನ್ನು ಎರಡು ಸಲ ಮೇಲೆ ಕೆಳಗೆ ಮಾಡಿದೆ. ಅದೂ ಎರಡು ಸಲ ಮೇಲೆ ಕೆಳಗೆ ಆಯಿತು. ಮೌಲಾಸಾಬರು ನನ್ನ ಹಿಂದೆ ನಿಂತು, ತಡೀರಿ, ಈಗ ಐದು ಸಲ ಮಾಡಿ ನೋಡಿರಿ ಎಂದರು. ಅವರ ದನಿಯಲ್ಲಿ ಹೆದರಿಕೆ ಇರಲಿಲ್ಲ, ಲೆಕ್ಕ ಬಿಡಿಸುವಾಗ ಇರುವ ಆತುರವಿತ್ತು. ನಾನು ಐದು ಸಲ ಮಾಡಿದೆ. ಅದು ಐದು ಸಲ ಮಾಡಿ ನಿಂತಿತು. ಸ್ವಲ್ಪ ಹೊತ್ತು ಬಿಟ್ಟು, ನಾನು ಏನೂ ಮಾಡದಿದ್ದಾಗ, ಅದು ತಾನಾಗಿ ಆರನೆಯ ಸಲ ಮೇಲೆ ಕೆಳಗೆ ಆಡಿತು.

ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಹತ್ತಾರು ಊರುಗಳಲ್ಲಿ ನಿಂತು, ಯಾರಾದರೂ ಇದ್ದರೆ ಸನ್ನೆಯಾದರೂ ಮಾಡಲಿ ನೋಡೋಣ, ಎಂದು ಜನರನ್ನು ನಗಿಸುತ್ತಿದ್ದವನು ನಾನು. ಸನ್ನೆ ಬಂದಾಗ ನನಗೆ ಬಂದದ್ದು ಹೆದರಿಕೆ. ಅದು ನನ್ನನ್ನು ನೋಡುತ್ತಿದೆ ಎನ್ನಿಸಿತು. ಅದಕ್ಕೆ ಕಾಣದ ಹಾಗೆ ಅಡಗಬೇಕು ಎಂಬ ಒಂದೇ ವಿಚಾರ ತಲೆಯಲ್ಲಿತ್ತು. ಕಂದೀಲಿನ ಗಾಜು ಎತ್ತಿ ದೀಪವನ್ನು ಊದಿಬಿಟ್ಟೆ.

ಆಚೆಯ ದೀಪವೂ ಆರಿತು.

ಹೊಳೆಯ ಸಪ್ಪಳ ಬಿಟ್ಟರೆ ಏನೂ ಉಳಿಯಲಿಲ್ಲ. ಮೌಲಾಸಾಬರು ನನ್ನ ತೋಳು ಹಿಡಿದು, ಯಮನಪ್ಪ ನಡುನೀರಿನಲ್ಲಿದ್ದಾನೆ, ಎಂದರು. ಅಷ್ಟು ಹೊತ್ತು ನಾನು ಅವನನ್ನು ಮರೆತೇ ಬಿಟ್ಟಿದ್ದೆ. ಮುಂದೆ ಗುರಿಯಿಲ್ಲ, ಹಿಂದೆ ಗುರುತಿಲ್ಲ, ಆ ನೀರಿನಲ್ಲಿ ಅವನು ಒಬ್ಬನೇ. ಕಡ್ಡಿಪೆಟ್ಟಿಗೆ ಗುಡಿಸಲಲ್ಲಿತ್ತು, ಹುಡುಕಿ ತಂದು ನಾಲ್ಕು ಕಡ್ಡಿ ಮುರಿದೆ. ಮೌಲಾಸಾಬರೇ ಇಸಿದುಕೊಂಡು ಹಚ್ಚಿದರು. ಆರಿದ್ದು ಹೆಚ್ಚೆಂದರೆ ಒಂದು ಬೀಡಿ ಸೇದುವಷ್ಟು ಹೊತ್ತು ಇರಬಹುದು. ಆ ಹೊಳೆಗೆ ಅಷ್ಟು ಸಾಕು ಎಂದು ಯಾರೂ ನನಗೆ ಹೇಳಬೇಕಾಗಿರಲಿಲ್ಲ. ಆಚೆ ದಂಡೆಯಲ್ಲಿ ದೀಪ ಮತ್ತೆ ಕಾಣಲಿಲ್ಲ.

ಬೆಳಗಿನ ತನಕ ನಾವಿಬ್ಬರೂ ಕಂದೀಲಿನ ಕೆಳಗೆ ಕೂತಿದ್ದೆವು. ಒಬ್ಬ ಮನುಷ್ಯನನ್ನು ಕೊಂದೆ ಎಂದು ನನಗೆ ಅನ್ನಿಸುತ್ತಿತ್ತು, ಅದನ್ನು ಅವರಿಗೆ ಹೇಳಿದೆ ಕೂಡ. ಅವರು ಸಮಾಧಾನದ ಮಾತಾಡಲಿಲ್ಲ. ಬಾಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದರು, ನಡುನಡುವೆ ಎದ್ದು ಬತ್ತಿ ಸರಿಮಾಡುತ್ತಿದ್ದರು. ಬೆಳಕು ಹರಿಯುವಾಗ ಊರ ಕಡೆಯಿಂದ ಯಮನಪ್ಪನ ಹೆಂಡತಿ ಗಂಗವ್ವ ಬುತ್ತಿ ತಂದಳು. ಹರಗೋಲು ಕಾಣದ್ದನ್ನು ನೋಡಿ ನಮ್ಮ ಮುಖ ನೋಡಿದಳು. ಆಚೆಯಿಂದ ಮೂರು ಸಲ ದೀಪ ಬೀಸಿದರು, ಹೋಗಿದ್ದಾನೆ ಎಂದು ಮೌಲಾಸಾಬರೇ ಹೇಳಿದರು. ಅವಳು ಅಳಲಿಲ್ಲ. ಬುತ್ತಿಯನ್ನು ಮಡಿಲಲ್ಲಿ ಇಟ್ಟುಕೊಂಡು ಹೊಳೆಯ ಕಡೆ ಮುಖ ಮಾಡಿ ಕೂತಳು. ಆ ಹೆಂಗಸಿನ ಬೆನ್ನು ನೋಡುತ್ತ ನಾನು ಕಳೆದ ಆರು ತಾಸನ್ನು ನನ್ನ ಶತ್ರುವೂ ಕಳೆಯದಿರಲಿ.

ಮಧ್ಯಾಹ್ನದ ಹೊತ್ತಿಗೆ ನೀರು ಒಂದಿಷ್ಟು ಇಳಿಯಿತು. ಆಚೆ ದಂಡೆಯಗುಂಟ ಇಬ್ಬರು ಹರಗೋಲು ಹೊತ್ತು ಮೇಲಕ್ಕೆ ಬರುವುದು ಕಂಡಿತು. ಒಬ್ಬ ಅಳಿಯ, ಒಬ್ಬ ಯಮನಪ್ಪ. ಗಂಗವ್ವ ಆಗ ಅತ್ತಳು. ನಾನೂ ಅತ್ತೆ, ಅದನ್ನು ಹೇಳಲು ನಾಚಿಕೆಯಿಲ್ಲ.

ಅವನು ಈ ದಂಡೆ ಮುಟ್ಟಿ, ಉಂಡು, ಬೀಡಿ ಹಚ್ಚಿದ ಮೇಲೆ ಮೌಲಾಸಾಬರು ಮೆಲ್ಲಗೆ ಕೇಳಿದರು. ಮಗಳಿಗೆ ಏನೂ ಆಗಿರಲಿಲ್ಲ. ನಡುರಾತ್ರಿ ಅಪ್ಪ ಒದ್ದೆಬಟ್ಟೆಯಲ್ಲಿ ಬಾಗಿಲು ಬಡಿದದ್ದಕ್ಕೆ ಮನೆಯವರೆಲ್ಲ ಗಾಬರಿಯಾಗಿದ್ದರು. ಆ ರಾತ್ರಿ ಊರಿನಿಂದ ಯಾರೂ ದಂಡೆಗೆ ಬಂದಿರಲಿಲ್ಲ, ದೀಪ ಬೀಸಿರಲಿಲ್ಲ. ಅವಳು ಹೆತ್ತದ್ದು ಇನ್ನೂ ಹದಿನೈದು ದಿನ ಬಿಟ್ಟು, ಇದೇ ದಂಡೆಯಲ್ಲಿ, ಸುಖವಾಗಿ.

ಆದರೆ ದಾಟಿದ್ದರ ಬಗ್ಗೆ ಅವನು ಹೇಳಿದ್ದು ನಾವು ನಿರೀಕ್ಷಿಸಿದ್ದಲ್ಲ. ಹೊಳೆ ಅವನನ್ನು ಎರಡು ಮೈಲಿ ಕೆಳಗೆ ಒಯ್ದಿತ್ತು. ದೀಪ ಮಾತ್ರ ತಪ್ಪಿರಲಿಲ್ಲ.

“ಹರಗೋಲ ಹೆಂಗ ಕೆಳಕ ಹೋತು, ಹಂಗ ದೀಪಾನೂ ಕೆಳಕ ಬಂತ್ರಿ. ದಂಡಿಗೆ ಹತ್ತೂಮಟಾ ನನ್ನ ಮುಂದ ಇತ್ತು. ಇಳದು ನೋಡಿದ್ರ ಯಾರೂ ಇಲ್ಲ.”

ನಡುವೆ ಒಮ್ಮೆಯೂ ಆರಲಿಲ್ಲವೇ ಎಂದು ಮೌಲಾಸಾಬರು ಎರಡು ಸಲ ಕೇಳಿದರು. ಆರಲಿಲ್ಲ. ಸುತ್ತಲಿಲ್ಲವೇ, ಮೇಲೆ ಕೆಳಗೆ ಆಗಲಿಲ್ಲವೇ? ಇಲ್ಲ, ಕಂಬಕ್ಕೆ ಕಟ್ಟಿದ ಹಾಗೆ ಇತ್ತು. ಹಿಂದಿನ ದೀಪ? ನಡುಹೊಳೆಯಲ್ಲಿ ಅಂಬಿಗ ಹಿಂದಕ್ಕೆ ನೋಡುವುದಿಲ್ಲ, ಅದು ತನಗೆ ಗೊತ್ತಿಲ್ಲ ಎಂದ. ನಾನು ತಲೆ ತಗ್ಗಿಸಿ ಕೂತಿದ್ದೆ. ದೀಪ ಊದಿದ ಸಂಗತಿಯನ್ನು ಮೌಲಾಸಾಬರು ಅವನಿಗೆ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ. ಅವರಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ.

ಭಾಷಣ ಆಗಲಿಲ್ಲ. ಹೊಳೆಯ ನೆವ ಹೇಳಿ ಚೀಟಿ ಕಳಿಸಿದೆ. ಮತ್ತೆ ಎಂದೂ ಆ ಭಾಷಣ ಮಾಡಲಿಲ್ಲ, ಚೆಂಡುಗಳನ್ನು ನನ್ನ ಮಕ್ಕಳು ಆಡಿ ಕಳೆದರು.

ಮುಂದಿನ ಹತ್ತು ವರ್ಷ ನಾವಿಬ್ಬರೂ ಚಹ ಕುಡಿಯುತ್ತ ಆ ದೀಪವನ್ನು ಬಿಡಿಸಲು ನೋಡಿದೆವು. ಪ್ರವಾಹದ ತಣ್ಣನೆಯ ನೀರಿನ ಮೇಲೆ ಬಿಸಿ ಗಾಳಿ ನಿಂತರೆ ದೂರದ ಬೆಳಕು ಮೇಲೆ ಎದ್ದು ಕಾಣಬಹುದು, ನಮ್ಮ ಕಂದೀಲೇ ಎಲ್ಲೋ ಮಂಜಿನಲ್ಲಿ ಪ್ರತಿಬಿಂಬಿಸಿರಬಹುದು ಎಂದು ನಾನು ಹೇಳಿದೆ. ಪ್ರತಿಬಿಂಬವಾದರೆ ನಾನು ಸುತ್ತಿಸಿದಾಗ ಸುತ್ತುತ್ತದೆ, ಊದಿದಾಗ ಆರುತ್ತದೆ, ಎಲ್ಲ ಸರಿ. ಆದರೆ ನಮ್ಮ ಕಂದೀಲು ಗೂಟಕ್ಕೆ ಅಲುಗಾಡದೆ ನೇತಾಡುತ್ತಿದ್ದಾಗ ಅದು ಮೊದಲು ಮೂರು ಸಲ ಬೀಸಿದ್ದು ಹೇಗೆ ಎಂದು ಮೌಲಾಸಾಬರು ಕೇಳಿದರು. ಒಂದು ಉಸಿರು ತಡ ಯಾಕೆ? ಐದರ ಮೇಲೆ ಆರನೆಯದು ಎಲ್ಲಿಂದ ಬಂತು? ಅವರು ಒಂದು ಸಲವೂ, ಅದು ಬೇರೆ ಗ್ರಹದ್ದು ಎಂದು ಹೇಳಲಿಲ್ಲ. ಗೊತ್ತಿಲ್ಲ ಎಂದರು. ಗೊತ್ತಿಲ್ಲ ಎನ್ನುವುದನ್ನು ನಾನು ಅವರಿಂದ ಕಲಿತೆ, ಮಾಸ್ತರಿಕೆಯಲ್ಲಿ ಅದನ್ನು ಹೇಳಲು ನನಗೆ ಬಹಳ ಕಷ್ಟವಾಗುತ್ತಿತ್ತು.

ನನಗೆ ವರ್ಗವಾದಾಗ, ಊರು ಬಿಡುವ ಮೊದಲು ಒಬ್ಬನೇ ತಂಗಡಗಿಗೆ ಹೋದೆ. ಯಮನಪ್ಪ ದಂಡೆಯ ಮೇಲೆ ಹರಗೋಲಿಗೆ ತೊಗಲು ಬಿಗಿಯುತ್ತಿದ್ದ. ಕೂತು, ಎಲ್ಲವನ್ನೂ ಹೇಳಿದೆ. ಅಳೆಯದೆ ಕಂದೀಲು ಎಂದದ್ದು, ಆಮೇಲೆ ದೀಪ ಹಿಡಿದು ಸನ್ನೆ ಮಾಡಿದ್ದು, ಹೆದರಿ ಊದಿದ್ದು, ಆ ಕಡೆಯದೂ ಆರಿದ್ದು. ಅವನು ಬೈದರೆ ಬೈಸಿಕೊಳ್ಳಬೇಕೆಂದೇ ಹೋಗಿದ್ದೆ. ಅವನು ಸೂಜಿಯನ್ನು ಕೆಳಗಿಟ್ಟು ಆಚೆ ದಂಡೆ ನೋಡಿದ. ನಾನು ದೀಪ ಊದಿದ್ದು ಅವನಿಗೆ ದೊಡ್ಡದಾಗಿ ಕಾಣಲಿಲ್ಲ. ಅವನ ಯೋಚನೆಯೇ ಬೇರೆ ಇತ್ತು.

“ನಿಮಗ ಆರಸ್ಯಾರ, ನನಗ ಹಿಡದು ನಿಂತಾರ. ಕರದವರು ಹರಗೋಲ ಮುಟ್ಟೂಮಟಾ ದೀಪ ಇಳಸಬಾರದು ಅನ್ನೂದು ಅವರಿಗೆ ಯಾರು ಹೇಳಿದ್ರೋ ಏನೋ.”

ಇಷ್ಟು ಹೇಳಿ ಅವನು ಮತ್ತೆ ಸೂಜಿ ಎತ್ತಿಕೊಂಡ. ನಾನು ನಮಸ್ಕಾರ ಮಾಡಿ ಸೈಕಲ್ ಹತ್ತಿದೆ.

ಈಗ ಯಮನಪ್ಪನೂ ಇಲ್ಲ, ಮೌಲಾಸಾಬರೂ ಇಲ್ಲ. ಹೊಳೆಗೆ ಸೇತುವೆಗಳಾಗಿವೆ, ಅಣೆಕಟ್ಟು ಕಟ್ಟಿದ್ದಾರೆ, ದೀಪ ಬೀಸುವ ಸನ್ನೆ ತಿಳಿದವರು ಹುಡುಕಿದರೆ ಒಬ್ಬಿಬ್ಬರು ಸಿಗಬಹುದು. ಬೇರೆ ಗ್ರಹಗಳಲ್ಲಿ ಜೀವಿಗಳಿವೆಯೇ ಎಂದು ಮೊಮ್ಮಕ್ಕಳು ಕೇಳುತ್ತಾರೆ, ಗೊತ್ತಿಲ್ಲ ಎನ್ನುತ್ತೇನೆ. ಅದು ಸುಳ್ಳಲ್ಲ. ಅಂದು ಕಂಡದ್ದು ಏನೆಂದು ನನಗೆ ಇವತ್ತಿಗೂ ತಿಳಿದಿಲ್ಲ, ತಿಳಿಯದೆಯೇ ಹೋಗುತ್ತೇನೆ ಎನ್ನಿಸುತ್ತದೆ. ಅದು ಬರೀ ಗಾಳಿಯ ಆಟವಾಗಿದ್ದರೆ ನನ್ನ ಮನಸ್ಸು ಹಗುರಾಗುತ್ತಿತ್ತು. ಆದರೆ ಆ ಆರನೆಯ ಸಲ ನೆನಪಾದಾಗಲೆಲ್ಲ ನನಗೆ ಒಂದೇ ಅನ್ನಿಸುತ್ತದೆ. ಅದರ ಮುಂದಿನದು ನನ್ನ ಸರದಿಯಾಗಿತ್ತು, ನಾನು ಏಳನೆಯ ಸಲ ಮಾಡಿ ತೋರಿಸಬೇಕಾಗಿತ್ತು.